ಮೇಷ್ಟ್ರಿಗೆ ಮೇ 31 ಬಂತು, ಅಮ್ಮಾರಿಗೆ ಯಾವಾಗ?

ಮೇ ತಿಂಗಳ ಕೊನೆಯಲ್ಲಿ ದಾವಣಗೆರೆಯ ಹೂವಿನ ಅಂಗಡಿಗಳಲ್ಲಿ ಹಾರ ಕಟ್ಟುವವರಿಗೆ ಬಿಡುವಿರುವುದಿಲ್ಲ. ಮದುವೆ ಕಾಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಿವೃತ್ತಿ!

ಹಿಂದೆಲ್ಲ ಮಗುವನ್ನು ಶಾಲೆಗೆ ಸೇರಿಸಲು ಕರೆತಂದವರಿಗೆ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. "ಮುಂಗಾರು ಬಿತ್ತಲ್ಲ, ಆಗ ಹುಟ್ಟಿದ್ದು ಸಾರ್" ಎಂದವನ ಮಗನಿಗೂ, "ದುಗ್ಗಮ್ಮನ ಜಾತ್ರೆ ಮಾರನೇ ದಿನ" ಎಂದವಳ ಮಗಳಿಗೂ ಹೆಡ್‌ಮಾಸ್ತರರು ಜೂನ್ 1 ಎಂದು ಬರೆದು ದಾಖಲಾತಿ ಮುಗಿಸುತ್ತಿದ್ದರು. ತಿಂಗಳ ಒಂದನೇ ತಾರೀಖು ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಹೋಗಬೇಕೆಂಬುದು ಸರ್ಕಾರಿ ನಿಯಮ. ಹೀಗಾಗಿ ಮೇ 31 ಬಂತೆಂದರೆ ಶಾಲೆ, ಕಚೇರಿಗಳಿಂದ ಗುಂಪು ಗುಂಪಾಗಿ ಹಿರಿಯರು ಹೊರಬೀಳುತ್ತಾರೆ. 2008ರಲ್ಲಿ ರಾಜ್ಯ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಎರಡು ವರ್ಷ ಮುಂದೆ ಹೋಯಿತೇ ಹೊರತು ಮೇ 31 ತಪ್ಪಲಿಲ್ಲ.

ಅಂದಿನ ಸಮಾರಂಭ ಎಲ್ಲರೂ ನೋಡಿದ್ದೇ. ಒಂದು ಶಾಲು, ಒಂದು ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಮೇಲೊಂದು ಗೋಡೆ ಗಡಿಯಾರ. (ಇನ್ನು ಮುಂದೆ ಹೊತ್ತು ನೋಡುವ ಕೆಲಸವೇ ಇಲ್ಲದವನಿಗೆ ಗಡಿಯಾರ ಯಾಕೆ ಕೊಡುತ್ತಾರೋ, ಕೊಟ್ಟವರನ್ನೇ ಕೇಳಬೇಕು.) ಹೆಂಡತಿಯನ್ನೂ ವೇದಿಕೆಗೆ ಕರೆಯುತ್ತಾರೆ. ಆಕೆ ಕುರ್ಚಿಯ ತುದಿಯಲ್ಲಿ ಕುಳಿತು, ಮನೆಯಲ್ಲಿ ಹಾಲು ಕಾಯಿಸಿಟ್ಟು ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿರುತ್ತಾರೆ. ಭಾಷಣ ಮಾಡುವವರೆಲ್ಲ "ನಿಮ್ಮ ವಿಶ್ರಾಂತ ಜೀವನ ಸುಖವಾಗಿರಲಿ" ಎಂದು ಹಾರೈಸುತ್ತಾರೆ.

ಯಾರ ವಿಶ್ರಾಂತ ಜೀವನ? ಇಬ್ಬರಿಗೂ ಸೇರಿಸಿ ಹೇಳಿದ್ದೋ, ಒಬ್ಬರಿಗೆ ಮಾತ್ರವೋ?

ಖಾಲಿ ಮನುಷ್ಯ

ಜೂನ್ 1ರ ಬೆಳಿಗ್ಗೆಯಿಂದ ನಿವೃತ್ತರಿಗೆ ಹೊಸ ಹೆಸರು ಬೀಳುತ್ತದೆ. "ಹೆಂಗೂ ಖಾಲಿ ಇದೀರಲ್ಲ" ಎಂಬುದೇ ಆ ಹೆಸರು.

ಹೆಂಗೂ ಖಾಲಿ ಇದೀರಲ್ಲ ಅಪ್ಪಾಜಿ, ಕರೆಂಟ್ ಬಿಲ್ ಕಟ್ಟಿಬಿಡಿ. ಹೆಂಗೂ ಖಾಲಿ ಇದೀರಲ್ಲ ಮಾವ, ನಲ್ಲಿ ರಿಪೇರಿಯವನು ಬರ್ತಾನಂತೆ, ಮನೇಲೇ ಇರಿ. ಮೊಮ್ಮಗನ ಸ್ಕೂಲ್ ವ್ಯಾನಿಗೆ ಕಾಯುವುದು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದು, ಸಿಲಿಂಡರ್ ಬಂದಾಗ ಗೇಟು ತೆಗೆಯುವುದು ಎಲ್ಲವೂ ಅವರ ಪಾಲಿಗೆ. ದೂರದ ಸಂಬಂಧಿಯೊಬ್ಬ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿಸಿಕೊಳ್ಳಲು ಬರುತ್ತಾನೆ. ಪೆನ್ಷನ್ ಬರುವ ಮನುಷ್ಯನ ಸಹಿಗೆ ಬೆಲೆ ಜಾಸ್ತಿ ನೋಡಿ! ಜಾಮೀನು ಹಾಕಿ ಕೈ ಸುಟ್ಟುಕೊಂಡವರು ಬೀದಿಗೊಬ್ಬರು ಸಿಗುತ್ತಾರೆ. ಆದರೂ ಬಂದವನ ಮುಖ ನೋಡಿ ಇಲ್ಲವೆನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮನೆಯವರದು ಹೀಗಾದರೆ ಬೀದಿಯವರದು ಇನ್ನೊಂದು ಬಗೆ. ಗಣಪತಿ ಸಮಿತಿ, ದೇವಸ್ಥಾನ ಸಮಿತಿ, ಬಡಾವಣೆ ಹಿತರಕ್ಷಣಾ ಸಮಿತಿ... ಎಲ್ಲಕ್ಕೂ ಒಬ್ಬ ಖಜಾಂಚಿ ಬೇಕು. ಅಧ್ಯಕ್ಷರಾಗಲು ಜಗಳವಾಡುವ ಊರಿನಲ್ಲಿ ಖಜಾಂಚಿಯಾಗಲು ಯಾರೂ ಮುಂದೆ ಬರುವುದಿಲ್ಲ. ರಸೀದಿ ಪುಸ್ತಕವನ್ನು ನಿವೃತ್ತರ ಕೈಗಿಟ್ಟು ಅಂಗಡಿ ಸಾಲಿಗೆ ಕಳಿಸುತ್ತಾರೆ. ಬೋಣಿಯೇ ಆಗದ ಹೊತ್ತಿನಲ್ಲಿ ರಸೀದಿ ಪುಸ್ತಕ ಹಿಡಿದು ಬಂದ ಹಿರಿಯರನ್ನು ಕಂಡು ಅಂಗಡಿಯವರ ಮುಖ ಹೇಗಾಗುತ್ತದೆ ಎಂಬುದು ಅಂಗಡಿಯವರಿಗೇ ಗೊತ್ತು. ಮೂವತ್ತೈದು ವರ್ಷ ಗೌರವದಿಂದ ಬಾಳಿದ ಮನುಷ್ಯ ಐವತ್ತು ರೂಪಾಯಿ ಚಂದಾಕ್ಕೆ ಮೂರು ಸಲ ಮೆಟ್ಟಿಲು ಹತ್ತಬೇಕು. ಇದಕ್ಕೆ ಸಮಾಜಸೇವೆ ಎಂಬ ದೊಡ್ಡ ಹೆಸರು.

ಆಸ್ಪತ್ರಿಗೆ ಬಂದಿದ್ವಿ ಮೇಷ್ಟ್ರೆ

ಊರಿನ ಹಳೇ ಬಡಾವಣೆಯೊಂದರಲ್ಲಿರುವ ಒಬ್ಬ ಮೇಷ್ಟ್ರ ಮನೆಯ ಸಂಗತಿ ಕೇಳಿ. ಹೆಸರು ಬೇಡ, ಅಂಥವರು ಇಲ್ಲಿ ಬಹಳ ಮಂದಿ ಇದ್ದಾರೆ. ಮನೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ. ಕಟ್ಟಿಸುವಾಗ ಇದು ಅನುಕೂಲ ಅಂದುಕೊಂಡಿದ್ದರು.

ದಾವಣಗೆರೆಗೆ ಸುತ್ತಲಿನ ಜನ ಬರುವುದು ಮೂರು ಕೆಲಸಕ್ಕೆ. ಮದುವೆ ಜವಳಿ ತೆಗೆಯಲು, ಮಕ್ಕಳನ್ನು ಕಾಲೇಜಿಗೆ ಸೇರಿಸಲು, ಕಾಯಿಲೆ ತೋರಿಸಲು. ಜವಳಿಗೆ ಬಂದವರು ಸಂಜೆ ಬಸ್ಸಿಗೆ ವಾಪಸ್ ಹೋಗುತ್ತಾರೆ. ಕಾಲೇಜಿಗೆ ಬಂದವರು ಒಂದು ರಾತ್ರಿ ಇರುತ್ತಾರೆ. ಆಸ್ಪತ್ರೆಗೆ ಬಂದವರು ಎಷ್ಟು ದಿನ ಇರುತ್ತಾರೆ ಎಂದು ಹೇಳುವವರು ಯಾರು? ಡಾಕ್ಟರೇ ಹೇಳುವುದಿಲ್ಲ. ಎರಡು ಮೆಡಿಕಲ್ ಕಾಲೇಜು, ಜಿಲ್ಲಾಸ್ಪತ್ರೆ, ಲೆಕ್ಕವಿಲ್ಲದಷ್ಟು ನರ್ಸಿಂಗ್ ಹೋಮು ಇರುವ ಊರು. ಜಗಳೂರು, ಹೊನ್ನಾಳಿ, ಚನ್ನಗಿರಿ ಸರಿ. ಹರಪನಹಳ್ಳಿ 2018ರಲ್ಲೇ ಈ ಜಿಲ್ಲೆಯಿಂದ ಹೊರಗೆ ಹೋಯಿತು, ಅಲ್ಲಿನ ಜನರ ಕಾಯಿಲೆ ಮಾತ್ರ ದಾವಣಗೆರೆ ಬಿಟ್ಟು ಹೋಗಲಿಲ್ಲ. ರಾಣೆಬೆನ್ನೂರು, ಚಳ್ಳಕೆರೆ ಕಡೆಯವರೂ ಇಲ್ಲಿಗೇ. ಊರಿನಲ್ಲಿ ಒಬ್ಬ ಪರಿಚಯದವನಿದ್ದರೆ ಸಾಕು, ಲಾಡ್ಜಿನ ಬಾಡಿಗೆ ಉಳಿಯಿತು.

ಮೇಷ್ಟ್ರ ಮನೆಗೆ ಹೀಗೆ ಬರುವವರಲ್ಲಿ ಅರ್ಧ ಜನ ನೆಂಟರೇ ಅಲ್ಲ. ಮೇಷ್ಟ್ರು ಮೊದಲು ಕೆಲಸಕ್ಕೆ ಸೇರಿದ್ದು ಜಗಳೂರು ಕಡೆಯ ಒಂದು ಹಳ್ಳಿಗೆ. ಮಳೆ ಕಡಿಮೆ, ಅನುಕೂಲ ಇನ್ನೂ ಕಡಿಮೆ. ಹೋಟೆಲು ಇರಲಿಲ್ಲ, ಮೇಷ್ಟ್ರಿಗೆ ಅಡುಗೆ ಬರುತ್ತಿರಲಿಲ್ಲ. ಆ ಊರಿನವರು ದಿನಕ್ಕೊಂದು ಮನೆಯಂತೆ ಸರದಿ ಹಾಕಿಕೊಂಡು ಅವರಿಗೆ ರೊಟ್ಟಿ ಕಳಿಸಿದರು. ತಮ್ಮ ಮಕ್ಕಳಿಗೆ ಸಾಲದ ದಿನವೂ ಮೇಷ್ಟ್ರ ಬುತ್ತಿ ತಪ್ಪಲಿಲ್ಲ. ಮದುವೆಯಾಗುವ ತನಕ, ಅಂದರೆ ಮೂರು ವರ್ಷ, ಹೀಗೇ ನಡೆಯಿತು. ಯಾರೂ ಲೆಕ್ಕ ಬರೆದಿಡಲಿಲ್ಲ. ಬರೆದಿಟ್ಟಿದ್ದರೆ ತೀರಿಸಿ ಕೈ ಮುಗಿಯಬಹುದಿತ್ತು. ಬರೆದಿಡದ ಸಾಲ ತೀರುವುದಾದರೂ ಹೇಗೆ? ಈಗ ಆ ಮನೆಗಳವರು "ಆಸ್ಪತ್ರಿಗೆ ಬಂದಿದ್ವಿ ಮೇಷ್ಟ್ರೆ" ಎಂದು ಬಾಗಿಲಲ್ಲಿ ನಿಂತರೆ ಮೇಷ್ಟ್ರ ಬಾಯಿಂದ ಬರುವುದು "ಬರ್ರಿ, ಬರ್ರಿ" ಎಂಬ ಮಾತೊಂದೇ.

ಅದು ಸರಿಯೇ. ಆದರೆ ಆ ರೊಟ್ಟಿ ತಿಂದವರು ಮೇಷ್ಟ್ರು, ಈಗ ರೊಟ್ಟಿ ಬಡಿಯುತ್ತಿರುವವರು ಅಮ್ಮಾರು.

ಅಮ್ಮಾರಿಗೆ ಮೊಣಕಾಲು ನೋವು. ನೆಲದ ಮೇಲೆ ಕೂರಬೇಡಿ, ಬಹಳ ಹೊತ್ತು ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಕೂರದೆ, ನಿಲ್ಲದೆ ಜೋಳದ ರೊಟ್ಟಿ ಬಡಿಯುವುದು ಹೇಗೆ ಎಂದು ಮಾತ್ರ ಹೇಳಿಲ್ಲ! ಮೇಷ್ಟ್ರು ನೌಕರಿಯಲ್ಲಿದ್ದಾಗ ಹತ್ತರಿಂದ ಐದರವರೆಗೆ ಮನೆ ಅಮ್ಮಾರ ಕೈಯಲ್ಲಿತ್ತು. ಮಧ್ಯಾಹ್ನ ಒಂದು ಗಳಿಗೆ ಕಾಲು ಚಾಚುತ್ತಿದ್ದರು. ನಿವೃತ್ತಿಯಾದ ಮೇಲೆ ಮೇಷ್ಟ್ರು ಇಡೀ ದಿನ ಮನೆಯಲ್ಲೇ. ಅವರನ್ನು ನೋಡಲು ಬರುವ ಸಮಿತಿಯವರು, ಹಳೇ ಶಿಷ್ಯರು, ಹಾದಿಯಲ್ಲಿ ಸಿಕ್ಕವರು ಎಲ್ಲರಿಗೂ "ಒಂದು ಲೋಟ ಟೀ ಕುಡ್ದು ಹೋಗಿ" ಎನ್ನುವುದು ಮೇಷ್ಟ್ರ ಬಾಯಿ. ಎದ್ದು ಹೋಗುವುದು ಅಮ್ಮಾರ ಮೊಣಕಾಲು. ಗಂಡಸರು ಅತಿಥಿ ಸತ್ಕಾರ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವುದರಲ್ಲಿ ಮುಕ್ಕಾಲು ಭಾಗ ಇಂಥದ್ದೇ. ಉದಾರತನ ನಡುಮನೆಯಲ್ಲಿ, ದುಡಿಮೆ ಅಡುಗೆಮನೆಯಲ್ಲಿ.

ಒಂದು ರಾತ್ರಿ ಒಂಬತ್ತೂವರೆ. ಪಾತ್ರೆ ತೊಳೆದು ಬೋರಲು ಹಾಕಿ, ಒಲೆ ಒರೆಸಿ, ಅಮ್ಮಾರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬಾಗಿಲು ಬಡಿದ ಸದ್ದು. ಕೊನೇ ಬಸ್ಸಿಗೆ ನಾಲ್ಕು ಜನ. ಒಬ್ಬ ಜ್ವರ ಬಂದ ಹುಡುಗ, ಅವನ ಅಪ್ಪ, ಅವ್ವ, ಒಬ್ಬ ಅಜ್ಜಿ. ಮೇಷ್ಟ್ರು ಚಾಪೆ ಹಾಸುತ್ತ ಒಳಗೆ ಕೂಗಿದರು: "ಏನೇ, ಒಂದಿಷ್ಟು ರೊಟ್ಟಿ ಬಡಿ."

ಅಮ್ಮಾರು ಅಡುಗೆಮನೆ ಬಾಗಿಲಿಗೆ ಬಂದು, ಮೆಲ್ಲಗೆ, ಬಂದವರಿಗೆ ಕೇಳಿಸಬಾರದು ಎಂಬಷ್ಟು ಮೆಲ್ಲಗೆ ಕೇಳಿದರು: "ನಿಮಗೆ ಮೇ 31 ಬಂತು, ಹಾರ ಹಾಕಿದ್ರು. ನಂಗೆ ಯಾವ ತಾರೀಖು ಬರ್ದಿದಾರೆ ಹೇಳ್ರಿ?"

ಚಿಕ್ಕ ಮನೆ. ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ಚಾಪೆ ಹಿಡಿದು ಹಾಗೇ ನಿಂತರು. ಹುಡುಗನ ಅಪ್ಪ ಚೀಲ ಎತ್ತಿಕೊಂಡು "ಬಸ್ ಸ್ಟ್ಯಾಂಡಾಗೆ ಮಲಗ್ತೀವಿ ಬಿಡ್ರಿ" ಅಂದ. ಇಷ್ಟು ಹೊತ್ತಿಗೆ ಅಜ್ಜಿ ಎದ್ದು, ಸೆರಗು ಸಿಕ್ಕಿಸಿಕೊಂಡು, ಬಚ್ಚಲಲ್ಲಿ ಕೈ ತೊಳೆದು ಒಳಗೆ ಹೋಗಿಬಿಟ್ಟಿದ್ದಳು. "ಸರಿ ತಂಗಿ ಅತ್ಲಾಗೆ. ಹಿಟ್ಟು ಎಲ್ಲೈತೆ ತೋರ್ಸು. ಈ ಮೇಷ್ಟ್ರಿಗೆ ನಾನೂ ರೊಟ್ಟಿ ಬಡ್ದು ಹಾಕೀನಿ, ನಂಗೊತ್ತು ಇವರ ಹೊಟ್ಟಿ."

ಅಂದು ರಾತ್ರಿ ಅಮ್ಮಾರು ಕುರ್ಚಿ ಮೇಲೆ ಕೂತು ಅಜ್ಜಿ ಬಡಿದ ರೊಟ್ಟಿ ತಿಂದರು. ಮದುವೆಯಾಗಿ ಬಂದ ಮೇಲೆ ತಮ್ಮ ಮನೆಯಲ್ಲಿ ಇನ್ನೊಬ್ಬರು ಬಡಿಸಿದ್ದನ್ನು ಉಂಡದ್ದು ಅಪರೂಪ ಎಂದು ಆಮೇಲೆ ಅಕ್ಕಪಕ್ಕದವರಲ್ಲಿ ಹೇಳಿಕೊಂಡರಂತೆ.

ಬಾಗಿಲು ಮುಚ್ಚಲಿಲ್ಲ, ಪದ್ಧತಿ ಬದಲಾಯಿತು

ಈ ಪ್ರಸಂಗವಾದ ಮೇಲೆ ಮೇಷ್ಟ್ರು ಬಾಗಿಲಿಗೆ ಬೀಗ ಹಾಕಲಿಲ್ಲ. ಹಾಕಬಾರದು ಕೂಡ. ಕಾಯಿಲೆಯವರನ್ನು ಹೊತ್ತು ತಂದವರನ್ನು ರಾತ್ರಿ ಹೊತ್ತು ಹೊರಗೆ ನಿಲ್ಲಿಸುವ ಊರು ದಾವಣಗೆರೆ ಆಗುವುದು ಬೇಡ. ಮೇಷ್ಟ್ರು ಟೀ ಮಾಡುವುದನ್ನು ಕಲಿತರು. ಮೊದಲ ವಾರದ ಟೀ ಪಾನಕದಂತಿತ್ತು ಎಂಬುದು ಕುಡಿದವರ ಸಾಕ್ಷಿ. ಮಧ್ಯಾಹ್ನದ ಊಟ ಆಸ್ಪತ್ರೆ ಹತ್ತಿರದ ಖಾನಾವಳಿಯಲ್ಲಿ ಎಂದಾಯಿತು. ಇದನ್ನು ಹೇಳಲು ಮೇಷ್ಟ್ರಿಗೆ ನಾಚಿಕೆಯಾಗಿತ್ತು. ಬಂದವರಿಗೆ ಅದೇ ಹಗುರವಾಯಿತು, ಅವರಿಗೂ ಇನ್ನೊಬ್ಬರ ಮನೆಯಲ್ಲಿ ಮೂರು ಹೊತ್ತು ಉಣ್ಣುವ ಸಂಕೋಚ ಇತ್ತಲ್ಲ. ರಾತ್ರಿ ರೊಟ್ಟಿ ಬಂದ ಹೆಣ್ಣುಮಕ್ಕಳದು, ಸಾರು ಅಮ್ಮಾರದು. ಹಳ್ಳಿಯಿಂದ ಬರುವಾಗ ಜೋಳದ ಹಿಟ್ಟು, ಹಸಿಮೆಣಸಿನಕಾಯಿ ತರುವುದು ಮೊದಲೂ ಇತ್ತು. ಈಗ ಅದನ್ನು ತೆಗೆದುಕೊಳ್ಳುವಾಗ "ಇದೆಲ್ಲ ಯಾಕೆ ತಂದ್ರಿ" ಎನ್ನುವ ನಾಟಕ ನಿಂತಿದೆ.

ವಾರಕ್ಕೆ ಎರಡು ಮಧ್ಯಾಹ್ನ ಅಮ್ಮಾರು ಮನೆಯಲ್ಲಿ ಇರುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ತಪ್ಪಿತು. ಹರಿಹರದಲ್ಲಿ ತಂಗಿ ಮನೆ. ಮೊದಲು ಹಬ್ಬಕ್ಕೊಮ್ಮೆ ಹೋಗುತ್ತಿದ್ದವರು ಈಗ ಊಟ ಮುಗಿಸಿ ಬಸ್ ಹತ್ತಿ, ತಂಗಿಯನ್ನು ಕರೆದುಕೊಂಡು ಹರಿಹರೇಶ್ವರನ ಗುಡಿಗೆ ಹೋಗಿ, ಹೊಳೆ ನೋಡಿ, ದೀಪ ಹಚ್ಚುವ ಹೊತ್ತಿಗೆ ವಾಪಸ್. ಶಕ್ತಿ ಬಂದ ಮೇಲೆ ನೆಂಟರ ಕಾಟ ಹೆಚ್ಚಾಯಿತು ಎಂಬ ಗೊಣಗಾಟ ಊರಿನ ಕೆಲವು ಮನೆಗಳಲ್ಲಿ ಇದೆ. ಇರಬಹುದು. ಆದರೆ ನೆಂಟರನ್ನು ಬಡಿಸಿ ಬಡಿಸಿ ಸುಸ್ತಾದ ಹೆಂಗಸಿಗೆ ತಾನೂ ಎಲ್ಲಾದರೂ ನೆಂಟಳಾಗಿ ಹೋಗುವ ದಾರಿ ಆಯಿತಲ್ಲ, ಅದನ್ನೂ ಹೇಳಬೇಕು. ಮೇಷ್ಟ್ರಿಗೆ ಬಿಟ್ಟಿ ಟಿಕೆಟ್ ಇಲ್ಲ. ಅರವತ್ತು ದಾಟಿದವರಿಗೆ ನಿಗಮದ ಬಸ್ಸಿನಲ್ಲಿ ಸಿಗುವ ಶೇಕಡಾ 25 ರಿಯಾಯಿತಿಗೆ ಗುರುತಿನ ಚೀಟಿ ತೋರಿಸಬೇಕು, ಅವರು ಅದನ್ನು ಮನೆಯಲ್ಲೇ ಮರೆತಿರುತ್ತಾರೆ. ಆ ಎರಡು ಸಂಜೆ ಮೇಷ್ಟ್ರ ತಿಂಡಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ಗಲ್ಲಾಪೆಟ್ಟಿಗೆಗೆ ಮೇ 31 ಇಲ್ಲ

ಇದೆಲ್ಲ ಪೆನ್ಷನ್ ಬರುವವರ ಕಥೆಯಾಯಿತು ಎಂದು ಅಂಗಡಿಯವರು ಅನ್ನಬಹುದು. ನಿಜ. ಗಲ್ಲಾಪೆಟ್ಟಿಗೆ ಮುಂದೆ ಕೂತವನಿಗೆ ಯಾರು ಹಾರ ಹಾಕಿ ಕಳಿಸುತ್ತಾರೆ? ಎಪ್ಪತ್ತೈದಾದರೂ ಬೆಳಿಗ್ಗೆ ಅಂಗಡಿ ಬಾಗಿಲಿಗೆ ನೀರು ಹಾಕಿ ಊದುಬತ್ತಿ ಹಚ್ಚುವವರು ಮಂಡಿಪೇಟೆಯಲ್ಲಿ ಎಷ್ಟಿಲ್ಲ! ಮಗ ಕೌಂಟರಿನ ಮೇಲೆ ಫೋನ್‌ಪೇ ಡಬ್ಬಿ ಇಟ್ಟಿದ್ದಾನೆ. ಅದು ದುಡ್ಡು ಬಂತು ಎಂದು ಕೂಗಿದಾಗಲೆಲ್ಲ ಅಪ್ಪ ಗಲ್ಲಾ ತೆಗೆದು ನೋಡುತ್ತಾರೆ, ದುಡ್ಡು ಕಾಣುವುದಿಲ್ಲ. ಇಬ್ಬರಿಗೂ ದಿನಾ ಕಿರಿಕಿರಿ. ಒಂದು ಕಿರಾಣಿ ಅಂಗಡಿಯಲ್ಲಿ ಅಪ್ಪ, ಮಗ ರಾಜಿಯಾಗಿದ್ದಾರೆ. ಅಪ್ಪ ಹತ್ತರಿಂದ ಹನ್ನೆರಡು ಮಾತ್ರ ಬರುತ್ತಾರೆ. ಉದ್ರಿ ಗಿರಾಕಿಗಳ ಹಳೇ ಪುಸ್ತಕ ಅವರದು. ಯಾರಿಗೆ ಕೊಡಬಹುದು, ಯಾರನ್ನು ಎಷ್ಟು ಗಟ್ಟಿಯಾಗಿ ಕೇಳಬಹುದು ಎಂಬ ವಿದ್ಯೆ ಡಬ್ಬಿಗೆ ಬರುವುದಿಲ್ಲ, ಮಗನಿಗೂ ಇನ್ನೂ ಬಂದಿಲ್ಲ. ಹನ್ನೆರಡಕ್ಕೆ ಅಪ್ಪ ಕೊಡೆ ಹಿಡಿದು ಮನೆಗೆ.

ಗಿರಣಿ ಕಾರ್ಮಿಕರದು ಬೇರೆಯೇ ಪಾಡು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ನಲವತ್ತು ದಾಟಿದವರಿಗೆ ಬೆಳಗಾಗುವುದರಲ್ಲಿ ನಿವೃತ್ತಿ ಬಂದಿತ್ತು. ಗೇಟಿಗೆ ನೋಟೀಸು, ಅಷ್ಟೇ. ಭವಿಷ್ಯನಿಧಿಯ 1995ರ ಪೆನ್ಷನ್ ಯೋಜನೆಯಲ್ಲಿ ಕನಿಷ್ಠ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾದದ್ದೇ 2014ರ ಸೆಪ್ಟೆಂಬರಿನಲ್ಲಿ. ಸಾವಿರ ರೂಪಾಯಿ ಪೆನ್ಷನ್ ಹಿಡಿದು, ಎಪ್ಪತ್ತರ ಹತ್ತಿರ ಬಂದು, ರಾತ್ರಿ ಯಾವುದೋ ಕಟ್ಟಡದ ವಾಚ್‌ಮನ್ ಆಗಿರುವವರ ಮುಂದೆ ಸಮಾಜಸೇವೆ ಮಾಡಿ ಎಂದು ಭಾಷಣ ಮಾಡುವವರಿಗೆ ನಾಚಿಕೆಯಾಗಬೇಕು. ಸೇವೆ ಕೇಳುವುದಾದರೆ ತಿಂಗಳ ಮೊದಲ ವಾರ ಬ್ಯಾಂಕಿಗೆ ದುಡ್ಡು ಬೀಳುವವರನ್ನು ಕೇಳಬೇಕು.

ಒಂದು ಕುರ್ಚಿ ಕೊಡಿ

ಮೇಷ್ಟ್ರು ಮಾಡಿದ್ದು ಅದನ್ನೇ. ಮನೆಗೆ ಬಂದವರ ಜೊತೆ ಆಸ್ಪತ್ರೆಗೆ ಹೋಗಿ ಹೋಗಿ ಅಲ್ಲಿನ ದಾರಿಯೆಲ್ಲ ಬಾಯಿಪಾಠವಾಯಿತು. ಚೀಟಿ ಎಲ್ಲಿ ಬರೆಸಬೇಕು, ರಕ್ತ ಎಲ್ಲಿ ಕೊಡಬೇಕು, ಎಕ್ಸ್‌ರೇ ಯಾವ ಕಟ್ಟಡ, ಔಷಧಿ ಕಿಟಕಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ. ಗುರುತಿಲ್ಲದವರೂ ಕೇಳತೊಡಗಿದರು. ಓದು ಬಾರದವರು, ಓದು ಬಂದರೂ ಬೋರ್ಡು ನೋಡಿ ಗಾಬರಿಯಾದವರು ಅಲ್ಲಿ ದಿನಾ ಬರುತ್ತಾರೆ.

ಮುಖ್ಯವಾದ ತೊಡಕು ಕಾರ್ಡಿನದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಅದಕ್ಕೆ ರೇಷನ್ ಕಾರ್ಡು, ಆಧಾರ್ ಬೇಕು. ತುರ್ತು ಸಂಗತಿ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು. ಹಳ್ಳಿಯವನು ಇದ್ಯಾವುದೂ ಗೊತ್ತಿಲ್ಲದೆ ನೇರ ಖಾಸಗಿಗೆ ಹೋಗಿ, ಕೈಯಿಂದ ದುಡ್ಡು ಕಟ್ಟಿ, ಆಮೇಲೆ ಕಾರ್ಡು ತೋರಿಸುತ್ತಾನೆ. ಆಗ ಕೈ ಮೀರಿರುತ್ತದೆ. ಎಮ್ಮೆ ಮಾರಿ ಕಟ್ಟಿದ ದುಡ್ಡು ಅದು! ಮೊದಲೇ ಒಬ್ಬರು ಎರಡು ಮಾತು ಹೇಳಿದ್ದರೆ ಎಮ್ಮೆ ಕೊಟ್ಟಿಗೆಯಲ್ಲೇ ಇರುತ್ತಿತ್ತು.

ಆ ಎರಡು ಮಾತು ಹೇಳುವುದೇ ಮೇಷ್ಟ್ರ ಕೆಲಸವಾಯಿತು. ಮೊದಲ ತಿಂಗಳು ಉತ್ಸಾಹದಲ್ಲಿ ವಾರಕ್ಕೆ ಆರು ದಿನ ಹೋದರು. ಮಧ್ಯಾಹ್ನದ ಊಟ ಮೂರಕ್ಕೆ, ಬಿಪಿ ಮಾತ್ರೆ ಮರೆತು ತಲೆಸುತ್ತು. "ಅಲ್ಲಿ ಸಂಬಳ ಇಲ್ಲದ ನೌಕರಿ, ಇಲ್ಲಿ ಗಂಡ ಇಲ್ಲದ ಮನೆ" ಎಂದು ಅಮ್ಮಾರು ಮತ್ತೊಂದು ಸಲ ಬಾಯಿ ತೆರೆಯಬೇಕಾಯಿತು. ಈಗ ಮಂಗಳವಾರ, ಗುರುವಾರ ಮಾತ್ರ. ಒಂಬತ್ತೂವರೆಯಿಂದ ಹನ್ನೆರಡೂವರೆ. ಮಿಕ್ಕ ದಿನ ಕರೆದರೆ "ಇವತ್ತು ನಂಗೆ ಮನೆ ಡ್ಯೂಟಿ" ಅನ್ನುತ್ತಾರೆ. ಸಮಿತಿಯ ರಸೀದಿ ಪುಸ್ತಕವನ್ನು ವಾಪಸ್ ಕೊಟ್ಟು ಬಂದಿದ್ದಾರೆ. ಸಮಿತಿಯವರಿಗೆ ಸಿಟ್ಟು ಬಂದಿದೆ, ಬರಲಿ.

ಇಂಥ ಮನುಷ್ಯನಿಗೆ ಆಸ್ಪತ್ರೆಯಲ್ಲಿ ಸಿಕ್ಕ ಸ್ವಾಗತವೇನು? "ಯಾರ್ರೀ ನೀವು, ಏಜೆಂಟಾ? ದಿನಾ ಇಲ್ಲೇ ಕಾಣ್ತೀರಿ" ಎಂದು ಕಾವಲಿನವನು ಗದರಿದ. ಅವನ ತಪ್ಪೇನೂ ಇಲ್ಲ. ರೋಗಿಗಳನ್ನು ಹಿಡಿದು ಕಮಿಷನ್ ತಿನ್ನುವ ದಲ್ಲಾಳಿಗಳೂ ಅಲ್ಲೇ ಓಡಾಡುತ್ತಾರೆ, ಅವರೂ ಬಿಳಿ ಶರ್ಟು ಹಾಕಿರುತ್ತಾರೆ. ಯಾರು ಮೇಷ್ಟ್ರು, ಯಾರು ದಲ್ಲಾಳಿ ಎಂದು ಕಾವಲಿನವನು ಹೇಗೆ ಗುರುತು ಹಿಡಿಯಬೇಕು? ಗುರುತು ಕೊಡಬೇಕಾದವರು ಮೇಲೆ ಕೂತವರು.

ಸಂಬಂಧಪಟ್ಟವರು ಮನಸ್ಸು ಮಾಡಿದರೆ ಇದಕ್ಕೆ ಅನುದಾನ ಬೇಕಿಲ್ಲ, ಉದ್ಘಾಟನೆಗೆ ಮಂತ್ರಿಗಳೂ ಬೇಕಿಲ್ಲ. ಚೀಟಿ ಬರೆಸುವ ಕಿಟಕಿ ಪಕ್ಕ ಒಂದು ಮೇಜು, ಎರಡು ಕುರ್ಚಿ, ಕೊರಳಿಗೆ ಹಾಕಿಕೊಳ್ಳಲು ಫೋಟೋ ಇರುವ ಒಂದು ಕಾರ್ಡು. ದಿನಕ್ಕೆ ಇಬ್ಬರಂತೆ ಆರು ದಿನಕ್ಕೆ ಹನ್ನೆರಡು ಜನ. ಒಬ್ಬರಿಗೆ ವಾರಕ್ಕೆ ಒಂದೇ ದಿನ, ಅದೂ ಮೂರು ಗಂಟೆ. ಹೆಂಗಸರ ವಾರ್ಡಿನ ಕಡೆಗೆ ನಿವೃತ್ತ ಟೀಚರುಗಳು, ನರ್ಸಮ್ಮನವರು ಸಿಕ್ಕರೆ ಇನ್ನೂ ಅನುಕೂಲ. ಒಂದು ಮೇ 31 ಕಳೆದರೆ ಈ ಜಿಲ್ಲೆಯಲ್ಲಿ ಹನ್ನೆರಡು ಜನ ಸಿಗುವುದು ಕಷ್ಟವೇ? ಮನೆಯವರು ಮಾತ್ರ ಆ ಮೂರು ಗಂಟೆಯಲ್ಲಿ ಅವರಿಗೆ ಫೋನ್ ಮಾಡಿ ಕೊತ್ತಂಬರಿ ಸೊಪ್ಪು ತರಲು ಹೇಳಬಾರದು.

ಮೇಷ್ಟ್ರು ಈ ವಿಷಯದ ಮನವಿ ಬರೆದು ಕೊಟ್ಟಿದ್ದಾರೆ. ಮೂವತ್ತೈದು ವರ್ಷ ಮಕ್ಕಳ ಕಾಪಿ ತಿದ್ದಿದ ಅಕ್ಷರ, ದುಂಡಗಿದೆ. ಅದು ಯಾರ ಮೇಜಿನ ಮೇಲಿದೆಯೋ ತಿಳಿಯದು. ಸದ್ಯಕ್ಕೆ ಗೇಟಿನ ಹೊರಗಿನ ಟೀ ಅಂಗಡಿಯವನು ಮಂಗಳವಾರ, ಗುರುವಾರ ಒಂದು ಸ್ಟೂಲು ಕೊಡುತ್ತಿದ್ದಾನೆ. ಹನ್ನೆರಡೂವರೆಗೆ ಗಿರಾಕಿ ಜಾಸ್ತಿಯಾಗುವುದರಿಂದ ಆ ಹೊತ್ತಿಗೆ ಅದನ್ನು ವಾಪಸ್ ಕೊಡಬೇಕು. ಕೊಟ್ಟು ಮೇಷ್ಟ್ರು ಊಟಕ್ಕೆ ಮನೆಗೆ ಹೋಗುತ್ತಾರೆ.